ತೊಂಬತ್ತೊಂದು ಕಿಟಕಿಗಳು

ನಾರ್ವೆಯ ಈಶಾನ್ಯದ ತುತ್ತತುದಿಯಲ್ಲಿ, ಬ್ಯಾರೆಂಟ್ಸ್ ಸಮುದ್ರದ ಗಾಳಿಗೆ ಮೈಯೊಡ್ಡಿ ನಿಂತ ವಾರ್ಡೋ ದ್ವೀಪದಲ್ಲಿ, 17ನೆಯ ಶತಮಾನದಲ್ಲಿ ಮಾಟದ ಅಪವಾದ ಹೊತ್ತು ಪ್ರಾಣ ತೆತ್ತ ಫಿನ್‌ಮಾರ್ಕ್ ಪ್ರಾಂತದ 91 ಮಂದಿಯ—ಅವರಲ್ಲಿ 77 ಮಂದಿ ಹೆಂಗಸರು—ಸ್ಮರಣಾರ್ಥವಾಗಿ 2011ರಲ್ಲಿ ತೆರೆದ ಸ್ಟೈಲ್ನೆಸೆಟ್ ಸ್ಮಾರಕವು, ಶಿಲಾಸ್ತಂಭದ ಠೀವಿಯನ್ನು ಸರ್ವಥಾ ತೊರೆದ ಅಪೂರ್ವ ಕೃತಿ. ಸ್ವಿಟ್ಜರ್ಲೆಂಡಿನ ವಾಸ್ತುಶಿಲ್ಪಿ ಪೀಟರ್ ಜುಮ್ಥೋರ್, ಆ ಕರಾವಳಿಯ ಮೀನೊಣಗಿಸುವ ಅಟ್ಟಣೆಗಳನ್ನು ನೆನಪಿಗೆ ತರುವ ಮರದ ಚೌಕಟ್ಟನ್ನು ನೂರು ಮೀಟರಿಗೂ ಮಿಗಿಲಾಗಿ ಚಾಚಿ, ಅದರೊಳಗೆ ಹಾಯಿಬಟ್ಟೆಯ ನೀಳಕೋಶವೊಂದನ್ನು ತೂಗುಬಿಟ್ಟಿದ್ದಾರೆ. ಒಳಹೊಕ್ಕರೆ ಕಗ್ಗತ್ತಲೆಯ ಓಣಿ. ಒಬ್ಬೊಬ್ಬರಿಗೂ ಒಂದೊಂದು ಪುಟ್ಟ ಕಿಟಕಿ, ಅದರೆದುರು ತಂತಿಯಲ್ಲಿ ಇಳಿಬಿಟ್ಟ ಒಂದೇ ಒಂದು ಬಲ್ಬು, ಬಳಿಯಲ್ಲಿ ರೇಷ್ಮೆವಸ್ತ್ರದ ಮೇಲೆ, ನ್ಯಾಯಾಲಯದ ಕಡತಗಳನ್ನು ಶೋಧಿಸಿ ಇತಿಹಾಸಜ್ಞೆ ಲಿವ್ ಹೆಲೆನ್ ವಿಲ್ಲುಮ್ಸೆನ್ ಬರೆದ ಆಪಾದನೆ, ತಪ್ಪೊಪ್ಪಿಗೆ, ತೀರ್ಪು. ಆ ಒಪ್ಪಿಗೆಗಳಲ್ಲಿ ಹಲವು ಚಿತ್ರಹಿಂಸೆಯ ಫಲವೆಂಬುದನ್ನು ಬೇರೆ ಹೇಳಬೇಕೆ!

ಪಕ್ಕದ ಹೊಗೆಬಣ್ಣದ ಗಾಜಿನ ಮನೆಯಲ್ಲಿ ಕಲಾವಿದೆ ಲೂಯಿಸ್ ಬೂರ್ಜ್ವಾ ರಚಿಸಿದ ಕುರ್ಚಿಯೊಂದು ಉರಿಯುತ್ತದೆ. ಸುತ್ತ ಬಾಗಿ ನಿಂತ ಏಳು ಕನ್ನಡಿಗಳು ಆ ಜ್ವಾಲೆಯನ್ನು ನ್ಯಾಯಾಧೀಶರಂತೆ ದಿಟ್ಟಿಸುತ್ತವೆ. ಅದರ ಉಗ್ರತೆಗೆ ನಾನು ತಲೆಬಾಗುವೆನಾದರೂ, ಒಲಿಯುವುದು ಮಾತ್ರ ಆ ಬಡ ಬಲ್ಬುಗಳಿಗೇ: ಕಡಲಿಗೆ ಹೋದವರು ಮರಳಲೆಂದು ಇರುಳೆಲ್ಲ ದೀಪವಾರಿಸದೆ ಕುಳಿತ ಬೆಸ್ತರ ಮನೆಯ ಕಿಟಕಿಗಳಂತೆ ಅವು ಕಾಣುತ್ತವೆ.