ಶ್ರೋಡಿಂಗರ್ ಬಿಟ್ಟುಕೊಟ್ಟ ಪದ

ಎರ್ವಿನ್ ಶ್ರೋಡಿಂಗರ್ 1943ರಲ್ಲಿ ಡಬ್ಲಿನ್‌ನಲ್ಲಿ ಕೊಟ್ಟ ಉಪನ್ಯಾಸಗಳು ಮರುವರ್ಷ ‘ವಾಟ್ ಈಸ್ ಲೈಫ್?’ ಎಂಬ ಪುಸ್ತಕವಾದವು. ಜೀವಕೋಶದೊಳಗೆ ಒಂದು ಸಂಕೇತಲಿಪಿ ಇದೆ ಎಂಬ ರೂಪಕವನ್ನು ಈ ಸಣ್ಣ ಪುಸ್ತಕ ಜನಪ್ರಿಯಗೊಳಿಸಿತು. ಆಮೇಲೆ ಬಂದ ಅಕ್ಷರ, ಸಂದೇಶ, ಪ್ರತಿಲಿಪಿ, ಅನುವಾದ ಎಲ್ಲವೂ ಅದೇ ಬಳಗದವು. ಸಾಹಿತ್ಯದ ಓದುಗರಿಗೆ ಇದು ಹಿತವಾಗಿ ಕೇಳಿಸುತ್ತದೆ. ಅದಕ್ಕೇ ನನಗೆ ಅನುಮಾನ.

ಆರ್‌ಎನ್‌ಎ ಈ ರೂಪಕಕ್ಕೆ ಪೂರ್ತಿ ಒಗ್ಗುವುದಿಲ್ಲ. ಅದು ನಾಲ್ಕು ಅಕ್ಷರಗಳ ಸಾಲು ನಿಜ, ಆದರೆ ಆ ಸಾಲು ತನ್ನ ಮೇಲೇ ಮಡಚಿಕೊಳ್ಳುತ್ತದೆ, ಮೆಗ್ನೀಷಿಯಂ ಅಯಾನುಗಳ ನೆರವಿನಿಂದ ಬಿಗಿಯಾಗುತ್ತದೆ. 2002ರಲ್ಲಿ ಬೆಳಕಿಗೆ ಬಂದ ರೈಬೋಸ್ವಿಚ್‌ಗಳನ್ನೇ ನೋಡಿ: ಬ್ಯಾಕ್ಟೀರಿಯಾದ ಸಂದೇಶವಾಹಕ ಆರ್‌ಎನ್‌ಎಯ ಒಂದು ತುಣುಕು ವಿಟಮಿನ್ನಿನಂಥ ಪುಟ್ಟ ಅಣುವನ್ನು ಹಿಡಿದು ಮಡಿಕೆ ಬದಲಿಸುತ್ತದೆ, ಸಂದೇಶ ಓದಿಸಿಕೊಳ್ಳಬೇಕೇ ಬೇಡವೇ ಎಂಬುದು ಆ ಮಡಿಕೆಯಿಂದ ತೀರ್ಮಾನವಾಗುತ್ತದೆ.

ಇಂಥದ್ದನ್ನು ಅಕ್ಷರ ಓದಿಯಷ್ಟೇ ತಿಳಿಯಲಾಗದು, ಅಳೆಯಬೇಕು. ಕ್ಯಾಲರಿಮೀಟರ್ ಅಳೆಯುವುದು ಶಾಖವನ್ನು. ಒಂದು ಪುಟ್ಟ ಬಟ್ಟಲಿನಲ್ಲಿ ಆರ್‌ಎನ್‌ಎ, ಪಕ್ಕದ ಬಟ್ಟಲಿನಲ್ಲಿ ಬರೀ ನೀರು. ಅಂಟುವ ಅಣುವನ್ನು ಸಿರಿಂಜಿನಿಂದ ಕೆಲವೇ ಮೈಕ್ರೋಲೀಟರ್‌ನಂತೆ ಬಿಡುತ್ತಾರೆ. ಪ್ರತಿ ಸಲವೂ ಶಾಖ ಹೊಮ್ಮುತ್ತದೆ, ಇಲ್ಲವೇ ಹೀರಲ್ಪಡುತ್ತದೆ. ಎರಡೂ ಬಟ್ಟಲುಗಳ ಉಷ್ಣತೆಯನ್ನು ಸಮವಾಗಿಡಲು ಬೇಕಾದ ವಿದ್ಯುತ್ತನ್ನು ಯಂತ್ರ ದಾಖಲಿಸುತ್ತದೆ. ಬಂಧ ಎಷ್ಟು ಬಿಗಿ, ಒಂದಕ್ಕೆ ಎಷ್ಟು ಅಣು ಅಂಟಿತು, ಶಾಖ ಎಷ್ಟು, ಇವೆಲ್ಲ ಒಂದೇ ಪ್ರಯೋಗದಲ್ಲಿ ಸಿಗುತ್ತವೆ. ಎಂಟ್ರೊಪಿಯ ಪಾಲನ್ನು ಲೆಕ್ಕದಿಂದ ತೆಗೆಯಬಹುದು. ತೊಡಕೂ ಇದೆ. ಅಂಟಿದ ಶಾಖ ಯಾವುದು, ಮಡಿಕೆ ಬದಲಾದ ಶಾಖ ಯಾವುದು ಎಂದು ಯಂತ್ರ ಬಿಡಿಸಿ ಹೇಳದು. ದ್ರಾವಣದ ಬಫರ್ ಕೂಡ ತನ್ನ ಪಾಲು ಸೇರಿಸಿರಬಹುದು. ಹಾಗಾಗಿ ಉಪ್ಪು, ಬಫರ್, ಉಷ್ಣತೆ ಬದಲಿಸಿ ಮತ್ತೆ ಮತ್ತೆ ಅಳೆಯುತ್ತಾರೆ.

ಈ ಶಾಖದ ಮಾತು ಶ್ರೋಡಿಂಗರ್ ಪುಸ್ತಕದಲ್ಲೂ ಇದೆ, ಆರನೆಯ ಅಧ್ಯಾಯದ ಕೊನೆಗೆ ಸೇರಿಸಿದ ಟಿಪ್ಪಣಿಯಲ್ಲಿ. ‘ಋಣ ಎಂಟ್ರೊಪಿ’ ಎಂಬ ಮಾತಿಗೆ ಭೌತವಿಜ್ಞಾನಿಗಳು ಆಕ್ಷೇಪವೆತ್ತಿದ್ದರು. ಅವರಿಗಷ್ಟೇ ಬರೆಯುವುದಾಗಿದ್ದರೆ ಮುಕ್ತ ಶಕ್ತಿಯ ಬಗ್ಗೆ ಬರೆಯುತ್ತಿದ್ದೆ, ಆದರೆ ಆ ಪದ ಸಾಮಾನ್ಯ ಓದುಗನಿಗೆ ‘ಶಕ್ತಿ’ಗೆ ತೀರಾ ಹತ್ತಿರವಾಗಿ ಕೇಳಿಸುತ್ತದೆ ಎಂಬುದು ಅವರ ಸಮಜಾಯಿಷಿ. ಓದುಗನ ಮೇಲಿನ ಈ ಕಾಳಜಿ ದುಬಾರಿಯಾಯಿತು ಎಂದೇ ನನ್ನ ಅನಿಸಿಕೆ. ರೈಬೋಸ್ವಿಚ್ ಯಾವ ಮಡಿಕೆಗೆ ವಾಲುತ್ತದೆ ಎಂಬುದನ್ನು ವಿವರಿಸಲು ಬೇಕಾದ್ದು ಅದೇ ಪದ. ಕನ್ನಡದಲ್ಲೂ ‘ಮುಕ್ತ ಶಕ್ತಿ’ ಅದೇ ಗೊಂದಲ ಹುಟ್ಟಿಸುತ್ತದೆ. ಜೊತೆಗೆ ಪರಂಗಿ ಹಣ್ಣನ್ನು ಮುಟ್ಟಿ ನೋಡದೆಯೇ ‘ಉಷ್ಣ’ ಎನ್ನುವವರು ನಾವು. ಆದರೂ ಈ ಪುಸ್ತಕವನ್ನು ಕನ್ನಡಕ್ಕೆ ತರುವವರು ಲಿಪಿಯ ಅಧ್ಯಾಯಗಳಷ್ಟೇ ಮುತುವರ್ಜಿಯಿಂದ ಆ ಟಿಪ್ಪಣಿಯನ್ನೂ ತರಬೇಕು.