ಸಕ್ಕರೆ ಪಂಥದ ಕಡೆಯಿಂದ

ಹೈಡ್ರಿಲ್ಲಾ ಎಲೆಯೊಳಗೆ ಹಸಿರು ಕಣಗಳು ಹಾಕುವ ಪ್ರದಕ್ಷಿಣೆಯ ಬಗ್ಗೆ ಈ ವಾರ ಬರೆಯುತ್ತೇನೆ ಅಂದಿದ್ದೆ. ಆಗಲಿಲ್ಲ. ಕೆರೆಯಿಂದ ತಂದ ನಾಲ್ಕು ಎಳೆಗಳನ್ನು ಖಾಲಿಯಾದ ಉಪ್ಪಿನಕಾಯಿ ಬಾಟಲಿಗೆ ನೀರು ತುಂಬಿ ಹಾಕಿಟ್ಟಿದ್ದೆ. ತಳದಲ್ಲಿ ಉಪ್ಪು ಹರಳುಗಟ್ಟಿ ಕೂತಿದ್ದು ಕಾಣಲಿಲ್ಲ. ಬಾಟಲಿ ತೊಳೆದವನು ನಾನೇ ಆದ್ದರಿಂದ ಮನೆಯಲ್ಲಿ ಯಾರನ್ನೂ ಬೈಯುವ ಹಾಗಿಲ್ಲ. ಬುಧವಾರ ಸಂಜೆ ಒಂದು ಎಲೆ ಕಿತ್ತು ಸೂಕ್ಷ್ಮದರ್ಶಕದಡಿ ಇಟ್ಟರೆ ಪ್ರದಕ್ಷಿಣೆ ನಿಂತುಹೋಗಿದೆ. ಕೋಶಭಿತ್ತಿಗಳು ಕಟ್ಟಿದ ಹಾಗೇ ನೆಟ್ಟಗಿವೆ. ಒಳಗೆ ಹಸಿರು ಕಣಗಳೆಲ್ಲ ನಡುವೆ ಉಂಡೆಯಾಗಿ ಮುದುಡಿವೆ, ದೊಡ್ಡ ಕೋಣೆಯ ಮಧ್ಯೆ ಯಾರೋ ಹಾಸಿಗೆ ಸುತ್ತಿಟ್ಟ ಹಾಗೆ.

ವಿಷಯ ತಾನಾಗಿಯೇ ಬದಲಾಯಿತು. ಅಭಿಸರಣೆಯ ಬಗ್ಗೆ ಈ ಅಂಕಣದಲ್ಲಿ ಮೂರು ಸಲವಾದರೂ ಗೊಣಗಿದ್ದೇನೆ, ಇದು ನಾಲ್ಕನೆಯದು. ಹಳೆಯ ಓದುಗರಿಗೆ ನನ್ನ ಜಗಳ ಗೊತ್ತು: ನಾನು ಸಕ್ಕರೆ ಪಂಥದವನು.

ಉಪ್ಪಿನ ಪಂಥದವರ ಪದ್ಧತಿ ಹೀಗೆ. ರಿಯೋ ಎಲೆಯ ಬೆನ್ನಿನಿಂದ ನೇರಳೆ ಸಿಪ್ಪೆ ಎಬ್ಬಿಸಿ, ಗಟ್ಟಿ ಉಪ್ಪುನೀರು ಬಿಟ್ಟು, ಕಣ್ಣು ಮಿಟುಕಿಸುವಷ್ಟರಲ್ಲಿ ಕೋಶದ ಒಳಗಿನದು ಕುಗ್ಗಿದ್ದನ್ನು ತೋರಿಸಿ, 'ಚಿತ್ರ ಬರೆದುಕೊಳ್ಳಿ' ಅನ್ನುವುದು. ನಮ್ಮ ಪಿಯುಸಿ ಪ್ರಯೋಗಾಲಯಗಳೆಲ್ಲ ಈ ಪಂಥಕ್ಕೇ ಸೇರಿದವು. ಅಲ್ಲಿ ನೀರು ಹೋಗಿದ್ದು ಕಾಣುತ್ತದೆ, ಹೋಗುವುದು ಕಾಣುವುದಿಲ್ಲ. ವಾಪಸು ಬರುವುದನ್ನಂತೂ ಕಾಯುವವರೇ ಇಲ್ಲ. ಕಾದರೂ ಎಷ್ಟೋ ಸಲ ಪ್ರಯೋಜನವಿಲ್ಲ. ಗಟ್ಟಿ ಉಪ್ಪುನೀರಲ್ಲಿ ಹೊತ್ತು ಕಳೆದ ಕೋಶಕ್ಕೆ ಆಮೇಲೆ ಸಿಹಿನೀರು ಕೊಟ್ಟರೆ ಬಣ್ಣ ಸೋರಿಕೊಂಡು ಬಿಳುಚಿ ಕೂರುತ್ತದೆ.

ನನ್ನ ಪ್ರಾಯೋಗಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದಿದ್ದ ಪರೀಕ್ಷಕರು, 'ಭಿತ್ತಿಗೂ ಮುದುಡಿದ ಪೊರೆಗೂ ನಡುವೆ ಏನಿದೆಯಪ್ಪಾ?' ಅಂದರು. 'ಗಾಳಿ ಸರ್' ಅಂದೆ. ಅವರು ಏನೂ ಹೇಳದೆ ಪೆನ್ನಿನ ಕ್ಯಾಪ್ ಹಾಕಿದರು. ಅಲ್ಲಿರುವುದು ನಾವೇ ಹಾಕಿದ ದ್ರಾವಣ. ಕೋಶಭಿತ್ತಿ ಅದನ್ನು ತಡೆಯುವುದಿಲ್ಲ, ತಡೆಯುವುದೆಲ್ಲ ಒಳಗಿನ ಪೊರೆ. ಇದನ್ನು ಆಗಲೇ ನಿಧಾನವಾಗಿ ನೋಡಿದ್ದರೆ ಎರಡು ಅಂಕ ಉಳಿಯುತ್ತಿತ್ತು.

ಸಕ್ಕರೆಯ ಅಳತೆ ಹೇಳಿ ಮುಗಿಸೋಣ ಎಂದುಕೊಂಡಿದ್ದೆ. ಆದರೆ ಬಾಗಿಲ ಪಕ್ಕದ ಕುಂಡದಿಂದ ಎಲೆ ಕೀಳುವಾಗ ಆಮ್‌ಸ್ಟರ್‌ಡಾಂ ನೆನಪಾಯಿತು, ಆ ಕಥೆಯೇ ಹೆಚ್ಚು ರುಚಿ.

ದೋಣಿಯಂಥ ತೊಟ್ಟಿಲಲ್ಲಿ ಪುಟ್ಟ ಬಿಳಿ ಹೂ ಮಲಗಿಸಿಕೊಂಡು, ಸರ್ಕಾರಿ ಕಚೇರಿಗಳ ಮೆಟ್ಟಿಲ ಪಕ್ಕ ಯಾರ ಆರೈಕೆಯೂ ಇಲ್ಲದೆ ಬೆಳೆಯುವ ಈ ರಿಯೋಗೆ ಹಿಂದೆ ಟ್ರಾಡೆಸ್ಕಾಂಟಿಯಾ ಡಿಸ್ಕಲರ್ ಎಂಬ ಹೆಸರಿತ್ತು. ಆಮ್‌ಸ್ಟರ್‌ಡಾಂನಲ್ಲಿ ಪ್ರಾಧ್ಯಾಪಕನಾಗಿದ್ದ ಹ್ಯೂಗೋ ಡಿ ವ್ರೀಸ್ 1884ರ ತನ್ನ ಪ್ರಬಂಧಕ್ಕೆ ಬಳಸಿದ ಗಿಡಗಳಲ್ಲಿ ಇದೂ ಒಂದು. 1900ರಲ್ಲಿ ಮೆಂಡೆಲನನ್ನು ಮತ್ತೆ ಬೆಳಕಿಗೆ ತಂದ ಮೂವರಲ್ಲಿ ಒಬ್ಬ ಎಂದು ಎಲ್ಲರೂ ಬಲ್ಲ ಅದೇ ಡಿ ವ್ರೀಸ್. ಆತನ ಉಪಾಯ ಸರಳ. ಒಂದೇ ಎಲೆಯ ಸಿಪ್ಪೆಯ ಚೂರುಗಳನ್ನು ಬೇರೆ ಬೇರೆ ಹದದ ದ್ರಾವಣದಲ್ಲಿಟ್ಟು, ಯಾವ ಹದದಲ್ಲಿ ಪೊರೆ ಭಿತ್ತಿಯ ಮೂಲೆಯಿಂದ ಆಗಷ್ಟೇ ಸರಿಯತೊಡಗುತ್ತದೋ ಅದನ್ನು ಹಿಡಿಯುವುದು. ಆ ಹದ ಕೋಶರಸದ ಹದಕ್ಕೆ ಸಮ. ಎಲೆಯ ಕೋಶವೇ ಆತನ ತಕ್ಕಡಿ.

ಆ ತಕ್ಕಡಿಯಲ್ಲಿ ಒಂದು ಒಗಟೂ ಸಿಕ್ಕಿತು. ಅಣುವಿಗೆ ಅಣು ಹೋಲಿಸಿದರೆ ಪೊಟ್ಯಾಸಿಯಂ ನೈಟ್ರೇಟಿನ ಎಳೆತ 3 ಆದರೆ ಸಕ್ಕರೆಯದು 2ರ ಆಸುಪಾಸು. ಲವಣಕ್ಕೆ ಯಾಕೆ ಈ ಹೆಚ್ಚುವರಿ ಬಲ?

ಅದೇ ಊರಿನಲ್ಲಿ ರಸಾಯನ ವಿಜ್ಞಾನದ ಪ್ರಾಧ್ಯಾಪಕ ವ್ಯಾಂಟ್ ಹಾಫ್. ಒಂದು ದಿನ ಪ್ರಯೋಗಾಲಯದಿಂದ ಹೊರಬಿದ್ದಾಗ ದಾರಿಯಲ್ಲಿ ಡಿ ವ್ರೀಸ್ ದಂಪತಿ ಸಿಕ್ಕರು. ಮಾತಿನ ನಡುವೆ ಡಿ ವ್ರೀಸ್, ಫೆಫರ್ ಎಂಬ ಸಸ್ಯವಿಜ್ಞಾನಿಯ ಅಳತೆಗಳ ಸುದ್ದಿ ಎತ್ತಿದ. ಫೆಫರ್ 1877ರ ಹೊತ್ತಿಗೇ ಮಣ್ಣಿನ ಪಾತ್ರೆಯ ರಂಧ್ರಗಳಲ್ಲಿ ಕೃತಕ ಪೊರೆ ಕಟ್ಟಿ, ಶೇ. 1ರ ಸಕ್ಕರೆ ನೀರು ವಾತಾವರಣದ ಒತ್ತಡದ ಸುಮಾರು ಮೂರನೇ ಎರಡು ಭಾಗದಷ್ಟು ಒತ್ತಡ ಹುಟ್ಟಿಸುವುದನ್ನು ಅಳೆದಿದ್ದ. ವ್ಯಾಂಟ್ ಹಾಫ್ ಲೆಕ್ಕ ಹಾಕಿ ನೋಡಿದರೆ, ನೀರಿನಲ್ಲಿ ಕರಗಿದ ಸಕ್ಕರೆ ಅನಿಲಗಳ ನಿಯಮವನ್ನೇ ಪಾಲಿಸುತ್ತಿದೆ! ಲವಣದ ಒಗಟನ್ನು 1887ರಲ್ಲಿ ಅರೇನಿಯಸ್ ಬಿಡಿಸಿದ: ನೀರಿಗೆ ಬಿದ್ದ ಲವಣ ಅಯಾನುಗಳಾಗಿ ಒಡೆಯುತ್ತದೆ, ತಲೆಯೆಣಿಕೆ ಹೆಚ್ಚುತ್ತದೆ. 1901ರ ಮೊಟ್ಟಮೊದಲ ರಸಾಯನ ವಿಜ್ಞಾನದ ನೊಬೆಲ್ ವ್ಯಾಂಟ್ ಹಾಫ್‌ಗೆ ಸಂದಿತು. ರಿಯೋ ಗಿಡಕ್ಕೆ ನರ್ಸರಿಯವರು ಇವತ್ತಿಗೂ ಬೆಲೆ ಕಟ್ಟುವುದಿಲ್ಲ, ದೊಡ್ಡ ಗಿಡ ಕೊಂಡರೆ ಜೊತೆಗೆ ಹಾಗೇ ಕೊಡುತ್ತಾರೆ.

ಇದರಿಂದ ಉಪ್ಪಿನ ಪಂಥಕ್ಕೆ ಬಲ ಬಂತು ಎನ್ನುವವರಿಗೆ ನನ್ನ ಉತ್ತರ: ಬಲ ಬೇಕಾದದ್ದು ಮಾವಿನ ಮಿಡಿಗೆ. ಅಪ್ಪೆಮಿಡಿಗೆ ಕಲ್ಲುಪ್ಪು ಬೆರೆಸಿ ಭರಣಿಯಲ್ಲಿಟ್ಟರೆ, ಒಂದು ತೊಟ್ಟು ನೀರು ಹಾಕದಿದ್ದರೂ ಮಿಡಿ ಸುಕ್ಕುಗಟ್ಟಿ ತನ್ನ ನೀರಿನಲ್ಲೇ ಮುಳುಗುತ್ತದೆ. ಅಲ್ಲಿ ಕೋಶ ಬದುಕಿ ವಾಪಸು ಬರಬೇಕೆಂದು ಯಾರೂ ಹರಕೆ ಹೊತ್ತಿಲ್ಲ. ನಮ್ಮಮ್ಮ ಸೌತೆಕಾಯಿ ಕೋಸಂಬರಿಗೆ ಉಪ್ಪನ್ನು ಬಡಿಸುವ ಹೊತ್ತಿಗೇ ಹಾಕುತ್ತಿದ್ದರು, 'ಮುಂಚೆ ಹಾಕಿದ್ರೆ ನೀರು ಬಿಡುತ್ತೆ ಕಣೋ' ಎಂದು. 'ನೀರು ಬಿಡುತ್ತೆ' ಎಂಬ ಅಡುಗೆಮನೆಯ ಮಾತೇ 'ಉಪ್ಪು ನೀರನ್ನು ಹೀರುತ್ತದೆ' ಎಂಬ ಮಾತಿಗಿಂತ ಸರಿ. ಹೀರುವ ಬಾಯಿ ಯಾವುದೂ ಇಲ್ಲ. ನೀರು ಎರಡೂ ಕಡೆಗೆ ಸದಾ ಓಡಾಡುತ್ತಲೇ ಇರುತ್ತದೆ. ಹೊರಗೆ ಹೋದಷ್ಟು ಒಳಗೆ ಬರದಿದ್ದಾಗ ಸೌತೆಕಾಯಿ ಸೊರಗುತ್ತದೆ. ಪೊರೆಯಲ್ಲಿ ನೀರಿಗೆಂದೇ ಇರುವ ಕಿಂಡಿಗಳಿಗೆ ಅಕ್ವಾಪೋರಿನ್ ಎಂಬ ಹೆಸರು; ಅವನ್ನು ಪತ್ತೆಹಚ್ಚಿದ ಪೀಟರ್ ಆಗ್ರೆಗೆ 2003ರಲ್ಲಿ ನೊಬೆಲ್ ಬಂತು.

ಅಳತೆ ಬಾಕಿ ಉಳಿಯಿತು: 100 ಮಿಲಿ ದ್ರಾವಣಕ್ಕೆ 20 ಗ್ರಾಂ ಸಕ್ಕರೆ. ಕವರ್ ಸ್ಲಿಪ್ಪಿನ ಒಂದು ಅಂಚಿಗೆ ಹನಿ ಬಿಟ್ಟು ಎದುರು ಅಂಚಿನಲ್ಲಿ ಬ್ಲಾಟಿಂಗ್ ಕಾಗದ ತಾಗಿಸಿ, ಕೈ ಕಟ್ಟಿ ಕೂತುಕೊಳ್ಳಿ. ಗುರುವಾರ ರಾತ್ರಿ ನಾನು ಕಣ್ಣಿಟ್ಟಿದ್ದು ಆರು ಮೂಲೆಯ ಒಂದೇ ಕೋಶದ ಮೇಲೆ. ಮೊದಲು ಎಡಮೂಲೆಯಲ್ಲಿ ಉಗುರಿನ ಕೊನೆಯಷ್ಟು ಬೆಳಕು ಬಿತ್ತು. ಆಮೇಲೆ ಇನ್ನೊಂದು ಮೂಲೆ. ನೇರಳೆ ಬಣ್ಣ ಕುಗ್ಗಿದಷ್ಟೂ ಗಾಢವಾಯಿತು, ಕೊನೆಗೆ ಮಾಗಿದ ನೇರಳೆ ಹಣ್ಣಿನಂತೆ ದುಂಡಗೆ ನಿಂತಿತು. ಬರೀ ನೀರು ಹರಿಸಿದೆ. ಏನೂ ಆಗಲಿಲ್ಲ. ಕಾಫಿಗೆ ಏಳೋಣ ಅನ್ನುವಷ್ಟರಲ್ಲಿ ಹಣ್ಣಿನ ಅಂಚು ಸಡಿಲಾಯಿತು; ಬಣ್ಣ ತೆಳುವಾಗುತ್ತ ಮೂಲೆಗಳನ್ನು ಒಂದೊಂದಾಗಿ ತುಂಬಿತು, ಎಡಮೂಲೆ ಎಲ್ಲಕ್ಕಿಂತ ಕೊನೆಗೆ.

ಸ್ಲೈಡನ್ನು ಮೇಜಿನ ಮೇಲೇ ಬಿಟ್ಟು ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಸ್ಲೈಡು, ಮೇಜು, ಐಪೀಸಿನ ಒಳಗೂ ಇರುವೆ. ಉಪ್ಪಿನ ಪಂಥದವರಿಗೆ ಈ ತಾಪತ್ರಯವಿಲ್ಲ, ಒಪ್ಪುತ್ತೇನೆ.