ಹಾನಗಲ್ಲಿನ ಗುಡಿ, ಸವಣೂರಿನ ಕೇರಿ

ಅಕ್ಕಿಆಲೂರಿನ ಹತ್ತಿರದ ಒಂದು ಹಳ್ಳಿ ಶಾಲೆಯ ಮಕ್ಕಳನ್ನು ಕರಕೊಂಡು ಹಾನಗಲ್ಲಿನ ತಾರಕೇಶ್ವರ ಗುಡಿ ನೋಡಲು ಹೋಗಿದ್ದೆವು. ಮಕ್ಕಳೆಲ್ಲ ಒಳಗೆ ನುಗ್ಗಿದರು. ಒಬ್ಬ ಹುಡುಗಿ ಮಾತ್ರ ಚಪ್ಪಲಿ ಕೈಯಲ್ಲಿ ಹಿಡಕೊಂಡು ಹೊರಗೇ ನಿಂತಿದ್ದಳು. ಯಾಕವ್ವಾ ಅಂದರೆ, "ಗುಡಿ ಒಳಗ ಹೋಗಬ್ಯಾಡ ಅಂತ ನಮ್ಮವ್ವ ಹೇಳ್ಯಾಳ್ರಿ ಸರ" ಅಂದಳು. ಅಲ್ಲಿ ಅವಳನ್ನು ತಡೆಯೋರು ಯಾರೂ ಇರಲಿಲ್ಲ. ಕೇಂದ್ರ ಸರ್ಕಾರದ ಪುರಾತತ್ವ ಇಲಾಖೆಯ ಸುಪರ್ದಿಯಲ್ಲಿರುವ ಸ್ಮಾರಕ ಅದು. ತಡೆ ಇದ್ದದ್ದು ಅವಳ ಊರಿನ ಗುಡಿಯಲ್ಲಿ. ಆ ತಡೆಯನ್ನು ಅವ್ವ ಮಗಳ ಕಾಲಿಗೆ ಕಟ್ಟಿ ಕಳಿಸಿದ್ದಳು.

ಈ ಹುಡುಗಿಗೆ ಈ ಗುಡಿಯ ಬಗ್ಗೆ ಏನು ಹೇಳಬೇಕು? ನಮ್ಮ ಶಿಲ್ಪಕಲೆಯ ವಿಮರ್ಶೆ ಈ ಪ್ರಶ್ನೆಯನ್ನು ಇವತ್ತಿನವರೆಗೂ ಸರಿಯಾಗಿ ಕೇಳಿಕೊಂಡಿಲ್ಲ.

ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುಶಿಲ್ಪದ ಮೇಲೆ ಹೆನ್ರಿ ಕಸಿನ್ಸ್ ಎಂಬ ಬ್ರಿಟಿಷರವನು ಬರೆದ ದೊಡ್ಡ ಗ್ರಂಥ 1926ರಲ್ಲಿ ಬಂತು. ಅವನು ಊರೂರು ತಿರುಗಿ, ಅಳತೆ ಹಾಕಿ, ಚಿತ್ರ ತೆಗೆದು ಮಾಡಿದ ಕೆಲಸ ಸಣ್ಣದಲ್ಲ. ಆದರೆ ಅವನ ಹಿಂದೆ ಬಂದ ನಮ್ಮವರು ಹೆಚ್ಚಾಗಿ ಮೂರೇ ಪ್ರಶ್ನೆ ಕೇಳುತ್ತ ಬಂದರು: ಯಾವ ಅರಸು, ಯಾವ ಶೈಲಿ, ಎಷ್ಟು ಕಂಬ. ಕಲ್ಯಾಣದ ಚಾಲುಕ್ಯರು, ಹಾನಗಲ್ ಕದಂಬರು ಅಂತ ಬಾಯಿಪಾಠ ಮಾಡಿಸಿ ಮಕ್ಕಳನ್ನು ಮನೆಗೆ ಕಳಿಸುತ್ತೇವೆ.

ನಮ್ಮ ಕೆಲವು ಗೆಳೆಯರು ಇನ್ನೊಂದು ತುದಿಗೆ ಹೋಗುತ್ತಾರೆ. "ಗುಡಿ ಪುರೋಹಿತಶಾಹಿಯದು, ಅರಸರದು. ಅದರ ಸೊಬಗು ಕಟ್ಟಿಕೊಂಡು ನಮಗೇನಾಗಬೇಕು?" ಅನ್ನುತ್ತಾರೆ. ಸಿಟ್ಟು ನ್ಯಾಯವಾದದ್ದು. ಮಾತು ಮಾತ್ರ ತಪ್ಪು. ಗುಡಿಯನ್ನು ಅವರಿಗೇ ಬಿಟ್ಟುಬಂದರೆ ಅದರೊಳಗಿನ ಬೆವರನ್ನೂ ಅವರ ಹೆಸರಿಗೇ ಬರೆದುಕೊಟ್ಟಂತಾಗುತ್ತದೆ.

ಒಳಗೆ ಹೋಗಿ ತಲೆ ಎತ್ತಿ ನೋಡಿರಿ. ಎಂಟು ಮೂಲೆಯ ದೊಡ್ಡ ಕಲ್ಲಿನ ಚತ್ತು, ನಡುವೆ ಇಳಿಬಿದ್ದ ಕಮಲ. ಕಮಾನು ಕಟ್ಟಿಲ್ಲ. ಒಂದು ಸುತ್ತು ಕಲ್ಲಿನ ಮೇಲೆ ಇನ್ನೊಂದು ಸುತ್ತನ್ನು ಸ್ವಲ್ಪ ಒಳಕ್ಕೆ ಚಾಚಿ, ಹಾಗೇ ಸಣ್ಣದಾಗಿಸುತ್ತ ಹೋಗಿ ಮುಚ್ಚಿದ್ದಾರೆ. ಭಾರದ ಲೆಕ್ಕ ತಪ್ಪಿದರೆ ಇಡೀ ಚತ್ತು ನೆಲಕ್ಕೆ. 11ನೇ ಶತಮಾನದಲ್ಲಿ ನಮ್ಮ ಭಾಗದ ಶಿಲ್ಪಿಗಳು ಮರಳುಗಲ್ಲು ಬಿಟ್ಟು ಬಳಪದ ಕಲ್ಲಿಗೆ ಬಂದರು. ಅಣ್ಣಿಗೇರಿಯ ಅಮೃತೇಶ್ವರ ಗುಡಿ ಆ ಬದಲಾವಣೆಯ ಮೊದಲ ಹೆಜ್ಜೆಗಳಲ್ಲೊಂದು. ನೆಲದಿಂದ ಎಬ್ಬಿಸಿದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಕಲ್ಲು ಇದು. ಕಂಬಗಳನ್ನು ಚರಕಿಗೆ ಕೊಟ್ಟು ತಿರುವಿ ನುಣುಪು ಮಾಡಿದರು. ಇದು ದೇವರ ಪವಾಡ ಅಲ್ಲ, ಕೈಯ ಬುದ್ಧಿ.

ಕೆತ್ತಿದವರಲ್ಲಿ ಕೆಲವರ ಹೆಸರಾದರೂ ಉಳಿದಿದೆ. ನಮ್ಮ ಪಕ್ಕದ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಬೇಲೂರಿನ ಕಲ್ಲಿನ ಮೇಲೆ ತಮ್ಮ ಹೆಸರು ಕೊರೆದಿಟ್ಟಿದ್ದಾರೆ. ಆದರೆ ಬಂಡೆ ಎಬ್ಬಿಸಿದವರು? ಬಂಡಿ ಹೊಡೆದವರು? ಎತ್ತಿನ ಕೊರಳಿಗೆ ಮಿಣಿ ಹೊಸೆದವರು? ಗುಡಿಯ ಹೊಲ ಉತ್ತು ನೈವೇದ್ಯದ ಅಕ್ಕಿ ಬೆಳೆದವರು? ದಾನಶಾಸನದಲ್ಲಿ ಹೊಲ ಎಷ್ಟು ಮತ್ತರು ಅಂತ ಇರುತ್ತದೆ, ಅದರ ಮೂಡಣ ಪಡುವಣ ಗಡಿ ಇರುತ್ತದೆ, ಗಡಿಯ ಹಳ್ಳ ಇರುತ್ತದೆ. ಉಳುವವನ ಹೆಸರು ಹುಡುಕಿದರೂ ಸಿಗುವುದು ಅಪರೂಪ.

ಆ ಶಾಸನಗಳ ಕೊನೆಗೆ ಸಾಮಾನ್ಯವಾಗಿ ಒಂದು ಶಾಪ ಇರುತ್ತದೆ. ತಾನು ಕೊಟ್ಟ ಭೂಮಿಯಾಗಲಿ ಬೇರೆಯವರು ಕೊಟ್ಟದ್ದಾಗಲಿ, ಅದನ್ನು ಕಸಿದವನು 60,000 ವರ್ಷ ಹೇಸಿಗೆಯಲ್ಲಿ ಹುಳುವಾಗಿ ಹುಟ್ಟುತ್ತಾನೆ ಅಂತ ಅದರ ಅರ್ಥ. ವಾರಣಾಸಿಯಲ್ಲಿ ಕವಿಲೆಯನ್ನೂ ಬ್ರಾಹ್ಮಣರನ್ನೂ ಕೊಂದ ಪಾಪ ತಟ್ಟುತ್ತದೆ ಅಂತ ಇನ್ನೊಂದು. ವಿದ್ವಾಂಸರು ಇದಕ್ಕೆ "ಶಾಪಾಶಯ" ಅಂತ ಹೆಸರಿಟ್ಟು ಮುಂದೆ ಹೋಗುತ್ತಾರೆ. ನಾವು ನಿಂತು ಓದಬೇಕಾದ್ದು ಅಲ್ಲೇ. ದಾನ ಕೊಟ್ಟವರಿಗೂ ಪಡೆದವರಿಗೂ ದೊಡ್ಡ ಭಯ ಯಾವುದು? ಭೂಮಿ ಕೈಬಿಟ್ಟು ಹೋಗುವುದು. ಅವರ ಕಣ್ಣಿಗೆ ಎಲ್ಲಕ್ಕಿಂತ ಕೀಳು ಬದುಕು ಯಾವುದು? ಹೇಸಿಗೆಯೊಳಗಿನ ಬದುಕು. ಕೊಲೆಯ ಪಾಪದ ಪಟ್ಟಿಯಲ್ಲಿ ಹಸು ಇದೆ, ಬ್ರಾಹ್ಮಣ ಇದ್ದಾನೆ. ಹೊಲ ಉಳುವ ಹೊಲೆಯ ಇಲ್ಲ.

ಇದು ನಮ್ಮೊಬ್ಬರದೇ ಕಥೆ ಅಲ್ಲ. ಅಮೆರಿಕದ ಸಮುದ್ರದಂಡೆಯಲ್ಲಿ ನ್ಯೂಪೋರ್ಟ್ ಅಂತ ಒಂದು ಶ್ರೀಮಂತರ ವಿಹಾರದ ಊರು. ಬೇಸಿಗೆಯ ಬಿಡಾರಕ್ಕೆಂದು ರೈಲು ದುಡ್ಡಿನ ವಾಂಡರ್‌ಬಿಲ್ಟ್ ಮನೆತನದವರು 1895ರಲ್ಲಿ ಅಲ್ಲಿ 70 ಕೋಣೆಗಳ ಬಂಗಲೆ ಕಟ್ಟಿ ಮುಗಿಸಿದರು. ಜನ ಟಿಕೆಟು ಕೊಂಡು ನೋಡುತ್ತಾರೆ. ಅದಕ್ಕೂ ಮೊದಲು ಆ ಬಂದರು ಗುಲಾಮರ ವ್ಯಾಪಾರದಿಂದ ಕೊಬ್ಬಿತ್ತು. ಅದೇ ಊರಿನ ಹಳೆಯ ಸ್ಮಶಾನದಲ್ಲಿ, ಕರಿಯರನ್ನು ಹೂಳುತ್ತಿದ್ದ ಭಾಗದಲ್ಲಿ, 1768ರಲ್ಲಿ ತೀರಿಕೊಂಡ ಕಫಿ ಗಿಬ್ಸ್ ಎಂಬಾತನ ಸಮಾಧಿಗಲ್ಲು ಇದೆ. ಅದನ್ನು ಕೆತ್ತಿದವನು ಅವನ ಅಣ್ಣತಮ್ಮನೇ ಆದ ಪಾಂಪಿ ಸ್ಟೀವನ್ಸ್, ಗುಲಾಮ ಕಲ್ಲುಕುಟಿಗ. ತಾನೇ ಕೆತ್ತಿದ್ದು ಅಂತ ಹೆಸರು ಹಾಕಿ ಕೆತ್ತಿದ್ದಾನೆ. 70 ಕೋಣೆಯ ಬಂಗಲೆಗಿಂತ ಆ ಒಂದು ಕಲ್ಲು ನನಗೆ ದೊಡ್ಡದು. 1972ರಲ್ಲಿ ಮುಂಬಯಿಯ ನಮ್ಮ ಹುಡುಗರು ಅಮೆರಿಕದ ಬ್ಲ್ಯಾಕ್ ಪ್ಯಾಂಥರರನ್ನು ನೋಡಿ ದಲಿತ್ ಪ್ಯಾಂಥರ್ ಅಂತ ಹೆಸರಿಟ್ಟುಕೊಂಡದ್ದು ಸುಮ್ಮನೆ ಅಲ್ಲ.

ನಮ್ಮ ಸೀಮೆಯಲ್ಲಿ ಅಂಥ ಕಲ್ಲು ಎಲ್ಲಿದೆ? ನೆರೆಯ ಸವಣೂರಿಗೆ ಬನ್ನಿ. ಪುಸ್ತಕ ತೆಗೆದರೆ ನವಾಬರ ಅರಮನೆ, ಸತ್ಯಬೋಧ ಸ್ವಾಮಿಗಳ ಮಠ, ದೊಡ್ಡಹುಣಸೆ ಮರಗಳು. 2010ರ ಜುಲೈ ತಿಂಗಳಲ್ಲಿ ಇದೇ ಊರಿನ ಪುರಸಭೆಯ ಎದುರು ಭಂಗಿ ಸಮುದಾಯದ ಕೆಲವರು ಮೈಮೇಲೆ ಮಲ ಸುರಿದುಕೊಂಡು ನಿಂತರು. ತಾವಿದ್ದ ಜಾಗದಿಂದ ತಮ್ಮನ್ನು ಎಬ್ಬಿಸುವುದರ ವಿರುದ್ಧ ಅವರ ಪ್ರತಿಭಟನೆ. ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಮಂತ್ರಿ ಬಿ. ಬಸವಲಿಂಗಪ್ಪನವರು ಆದೇಶ ಹೊರಡಿಸಿದ್ದು 1970ರ ದಶಕದಲ್ಲಿ. ಕೇಂದ್ರದ ನಿಷೇಧ ಕಾಯ್ದೆ ಬಂದದ್ದು 1993ರಲ್ಲಿ. ಸವಣೂರಿನ ಘಟನೆಯ ಮೇಲೆ, 2013ರಲ್ಲಿ ಮತ್ತೊಂದು ಕಾಯ್ದೆ.

ಭೂಮಿ ಕಸಿದವನಿಗೆ ಹೇಸಿಗೆ ಅಂದಿತ್ತು ಶಾಸನ. ಸವಣೂರಿನಲ್ಲಿ ಹೇಸಿಗೆ ಬಿದ್ದದ್ದು ಜಾಗ ಕಳಕೊಳ್ಳುವವರ ಮೈಮೇಲೆ. ಅವರಿಗೆ ಮತ್ತರು ಬರೆದುಕೊಟ್ಟ ಅರಸ ಇರಲಿಲ್ಲ, ಕಾಯುವ ಶಾಪ ಇರಲಿಲ್ಲ. ತಮ್ಮ ಮೈಯನ್ನೇ ಶಾಸನದ ಕಲ್ಲು ಮಾಡಿಕೊಂಡು ಅವರು ಪುರಸಭೆಯ ಮುಂದೆ ನಿಂತರು. ಆ ಜಾಗವೂ ನಮ್ಮ ಜಿಲ್ಲೆಯ ಐತಿಹಾಸಿಕ ಸ್ಥಳವೇ. ಬೋರ್ಡು ಹಾಕುವವರು ಇಲ್ಲ ಅಷ್ಟೆ.

ಆದ್ದರಿಂದ ಮಾಸ್ತರರಲ್ಲಿ ಒಂದು ವಿನಂತಿ. ಮಕ್ಕಳನ್ನು ಹಾನಗಲ್ಲಿಗೆ ಕರಕೊಂಡು ಹೋಗಿರಿ, ಬಂಕಾಪುರದ ಅರವತ್ತು ಕಂಬದ ಗುಡಿಗೂ ಹೋಗಿರಿ. ಕಲೆಯ ಸೊಬಗನ್ನು ಮುಚ್ಚಿಡಬೇಡಿ. ಶಾಸನದ ಶಾಪದವರೆಗೂ ಓದಿಸಿರಿ. ಬರುವಾಗ ಸವಣೂರಿನ ಕಥೆಯನ್ನೂ ಹೇಳಿರಿ. ಮನೆಗೆ ಹೋಗಿ ತಮ್ಮ ಅಜ್ಜ ಅಜ್ಜಿ ಯಾವ ಕೆರೆ ಅಗೆದರು, ಯಾವ ಮನೆಗೆ ಕಲ್ಲು ಹೊತ್ತರು ಅಂತ ಕೇಳಿ ಹೆಸರು ಸಮೇತ ಬರಕೊಂಡು ಬರಲಿ. ಕಾಗದದ ಮೇಲಾದರೂ ಆ ಹೆಸರು ಉಳಿಯಲಿ.

ಆ ಹುಡುಗಿ ಆಮೇಲೆ ಒಳಗೆ ಬಂದಳು. ಚತ್ತಿನ ಕೆಳಗೆ ಬಹಳ ಹೊತ್ತು ನಿಂತು ಕೇಳಿದಳು: "ಇಷ್ಟ ದೊಡ್ಡ ಕಲ್ಲ ಯಾರ್ ಏರಿಸ್ಯಾರ್ರಿ ಸರ?" ನಿಮ್ಮವರು ಅಂದೆ. ನಂಬಲಿಲ್ಲ. ನಂಬುವಂತೆ ಬರೆಯುವ ಕೆಲಸ ನಮ್ಮದು.